ಇಳಿಜಾರಿನ ತಪ್ಪೆಲ್ಲ ಡ್ರೈವರನ ತಲೆಗೆ

ಪುಣೆಯ ನವಲೆ ಸೇತುವೆ ಬಳಿ 2025ರ ನವೆಂಬರ್ 13ರಂದು ಸರಕು ತುಂಬಿದ ಕಂಟೇನರ್ ಲಾರಿಯೊಂದು ಎದುರಿಗೆ ಸಿಕ್ಕ ವಾಹನಗಳನ್ನೆಲ್ಲ ಗುದ್ದಿಕೊಂಡು ಹೋಯಿತು. ಎರಡು ಭಾರಿ ವಾಹನಗಳ ಮಧ್ಯೆ ಸಿಕ್ಕಿದ ಕಾರು ಅಪ್ಪಚ್ಚಿಯಾಯಿತು, ಬೆಂಕಿ ಹತ್ತಿತು, ಎಂಟು ಜನ ಸತ್ತರು. ಮೂರು ವರ್ಷ ಮೊದಲು, 2022ರ ನವೆಂಬರ್ 20ರ ರಾತ್ರಿ, ಅದೇ ಇಳಿಜಾರಿನಲ್ಲಿ ಇನ್ನೊಂದು ಲಾರಿ ಹತ್ತಾರು ವಾಹನಗಳನ್ನು ಜಖಂ ಮಾಡಿತ್ತು. ಆಗ ಬಂದ ವಿವರಣೆ, ಡೀಸೆಲ್ ಉಳಿಸಲು ಡ್ರೈವರ್ ನ್ಯೂಟ್ರಲ್‌ನಲ್ಲಿ ಇಳಿಸಿದ ಎಂದು. ಈ ಸಲ ಕೇಳಿಬಂದದ್ದು ಬ್ರೇಕ್ ಫೇಲ್. ಈ ಎರಡರಲ್ಲಿ ಒಂದು ಮಾತು ಸಿಕ್ಕಿಬಿಟ್ಟರೆ ನಮ್ಮಲ್ಲಿ ವಿಚಾರಣೆ ಅಲ್ಲಿಗೆ ಮುಗಿದಂತೆ. ಡ್ರೈವರ್ ನ್ಯೂಟ್ರಲ್ ಹೊಡೆದ, ಸರಿ. ಯಾರ ಲಾಭಕ್ಕೆ ಹೊಡೆದ? ಹೊಡೆದರೂ ಏನೂ ಆಗುವುದಿಲ್ಲ ಎಂದು ಅವನಿಗೆ ಅನ್ನಿಸುವಂಥ ರಸ್ತೆಯನ್ನು ಕಟ್ಟಿಕೊಟ್ಟವರು ಯಾರು? ಇದನ್ನು ಕೇಳುವವರಿಲ್ಲ ಎಂಬುದೇ ನನ್ನ ತಕರಾರು.

ಪುಣೆಯ ಗೋಳು ನಮಗೇಕೆ ಎನ್ನುವಂತಿಲ್ಲ. ಬೆಂಗಳೂರು, ತುಮಕೂರು, ಹುಬ್ಬಳ್ಳಿ, ಬೆಳಗಾವಿ ದಾಟಿ ಮುಂಬೈಗೆ ಹೋಗುವ ನಮ್ಮ ಲಾರಿಗಳೆಲ್ಲ ಕಾತ್ರಜ್ ಹೊಸ ಸುರಂಗ ದಾಟಿ ಇಳಿಯುವುದು ಅದೇ ನವಲೆ ಸೇತುವೆಗೆ. ದಕ್ಷಿಣಕ್ಕೆ ಹೊರಟವು ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂ ಕಡೆಗೆ ಇಳಿಯುವಾಗ ತೊಪ್ಪೂರು ಘಾಟ್ ಸಿಗುತ್ತದೆ. 2024ರ ಜನವರಿಯಲ್ಲಿ ಅಲ್ಲಿ ಹತೋಟಿ ತಪ್ಪಿದ ಲಾರಿಯಿಂದಾದ ಸರಣಿ ಅಪಘಾತದಲ್ಲಿ ನಾಲ್ವರು ಸತ್ತರು. ನಮ್ಮದೇ ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಕೂಡ ಅಪಘಾತದ ಸುದ್ದಿಗೆ ಹೊಸದಲ್ಲ.

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವ ಡ್ರೈವರನಿಗೆ ತಾನು ಘಟ್ಟ ಇಳಿಯುತ್ತಿದ್ದೇನೆ ಎಂದು ಯಾರೂ ಹೇಳಬೇಕಾಗಿಲ್ಲ. ತಿರುವು ಹೇಳುತ್ತದೆ, ಪಕ್ಕದ ಕಮರಿ ಹೇಳುತ್ತದೆ. ಕೈ ತಾನಾಗಿಯೇ ಗೇರಿಗೆ ಹೋಗುತ್ತದೆ. ನವಲೆಯಂಥ ಕಡೆ ಹಾಗಲ್ಲ. ಅಗಲವಾದ, ನುಣುಪಾದ ಹೆದ್ದಾರಿ. ಕಣ್ಣಿಗೆ ಹೆಚ್ಚುಕಡಿಮೆ ಸಮತಟ್ಟು. ಕಡಿದಾದ ಒಂದು ತುಂಡು ಇಳಿದ ಮೇಲೆ ಇಳಿಜಾರು ಸ್ವಲ್ಪ ಸಡಿಲವಾದರೆ ಸಾಕು, ರಸ್ತೆ ಮಟ್ಟವಾಯಿತು ಎಂದೋ ಏರು ಶುರುವಾಯಿತು ಎಂದೋ ಕಣ್ಣು ಮೋಸ ಹೋಗುತ್ತದೆ. ರಸ್ತೆ ಮಾತ್ರ ಇಳಿಯುತ್ತಲೇ ಇರುತ್ತದೆ. ಬಯಲು ಪ್ರದೇಶದ ರಸ್ತೆಗೆ ಸಾಮಾನ್ಯವಾಗಿ 3.3 ಶೇಕಡ, ಅನಿವಾರ್ಯವಾದರೆ 5 ಶೇಕಡ ಇಳಿಜಾರು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಕಾಗದದ ಮೇಲೆ ಸೌಮ್ಯವಾದ ಅಂಕಿ. ಆದರೆ ಲಾರಿಯ ಬ್ರೇಕಿಗೆ ಶೇಕಡ ಎಷ್ಟು ಎಂಬುದರಷ್ಟೇ ಅದು ಎಷ್ಟು ಕಿಲೋಮೀಟರ್ ಎಂಬುದೂ ಮುಖ್ಯ.

ಲೆಕ್ಕ ಮಾಡಿ ನೋಡಿ. ನೂರು ಮೀಟರ್ ಎತ್ತರದಿಂದ ಬ್ರೇಕ್ ಮೇಲೆಯೇ ಇಳಿದ ಲಾರಿಯ ಬ್ರೇಕಿಗೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿರುವ ಅದೇ ಲಾರಿಯನ್ನು ಒಂದರ ಹಿಂದೊಂದರಂತೆ ಏಳು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ ಬೀಳುತ್ತದೆ. ಟೈರು, ಗಾಳಿ ತಡೆಯುವ ಪಾಲನ್ನು ಕಳೆದರೂ ಅದು ಸಣ್ಣದಲ್ಲ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ. ಲೈನರ್ ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಕ್ಯಾಬಿನ್ನಿಗೆ ಸುಟ್ಟ ವಾಸನೆ ಬರುವ ಹೊತ್ತಿಗೆ ಪೆಡಲ್ ಎಷ್ಟು ಒತ್ತಿದರೂ ಲಾರಿ ಕೇಳುವುದಿಲ್ಲ. ಈಗ ಗೇರ್ ಇಳಿಸೋಣವೆಂದರೆ ಆ ವೇಗಕ್ಕೆ ಕೆಳಗಿನ ಗೇರ್ ಕೂಡುವುದಿಲ್ಲ. ಇದ್ದ ಗೇರೂ ಹೋಗಿ ಲಾರಿ ನ್ಯೂಟ್ರಲ್‌ಗೆ ಬೀಳುತ್ತದೆ. ಎಂಜಿನ್ನನ್ನೂ ಬಂದ್ ಮಾಡಿದ್ದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಂತಿರುತ್ತದೆ. ಒಂದೊಂದು ಸಲ ಪೆಡಲ್ ತುಳಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗಿ ಗೇಜಿನ ಮುಳ್ಳು ಕೆಳಗಿಳಿಯುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಮರುದಿನ ಪತ್ರಿಕೆಯಲ್ಲಿ ಬರುವ ‘ಬ್ರೇಕ್ ಫೇಲ್’ ಎಂದರೆ ಬಹಳ ಸಲ ಇದೇ. ಕಾದ ಡ್ರಮ್ ತಣ್ಣಗಾದ ಮೇಲೆ ತಪಾಸಣೆ ಮಾಡಿದರೆ ಬ್ರೇಕ್ ಸರಿಯಾಗಿಯೇ ಇದೆ ಎಂಬ ವರದಿ ಬಂದರೂ ಆಶ್ಚರ್ಯವಿಲ್ಲ.

ಹಳೆಯ ಡ್ರೈವರುಗಳ ಪಾಠ ಒಂದೇ ಸಾಲಿನದು: ಹತ್ತುವ ಗೇರಿನಲ್ಲೇ ಇಳಿ. ಈಗಿನ ಬಲವಾದ ಎಂಜಿನ್ನುಗಳು ದೊಡ್ಡ ಗೇರಿನಲ್ಲೇ ಏರು ಹತ್ತಿಬಿಡುವುದರಿಂದ ಅದಕ್ಕಿಂತ ಒಂದು ಗೇರ್ ಕೆಳಗೇ ಇರಲಿ ಎನ್ನಬೇಕು. ವೇಗವನ್ನು ಎಂಜಿನ್ ಹಿಡಿಯಬೇಕು, ಎಕ್ಸಾಸ್ಟ್ ಬ್ರೇಕ್ ಹಿಡಿಯಬೇಕು. ವೇಗ ಮಿತಿಗೆ ಮುಟ್ಟಿದಾಗ ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ಗಂಟೆಗೆ ಏಳೆಂಟು ಕಿ.ಮೀ. ಕಡಿಮೆಯಾದ ಮೇಲೆ ಪೂರ್ತಿ ಬಿಡಬೇಕು. ಮೈಲುಗಟ್ಟಲೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಅಪಾಯವನ್ನು ತಾನಾಗಿ ಕರೆದಂತೆ.

ಇಷ್ಟು ಗೊತ್ತಿದ್ದೂ ನ್ಯೂಟ್ರಲ್ ಯಾಕೆ? ಟ್ರಿಪ್ ಮುಗಿಸಿ ಬಂದ ಡ್ರೈವರ್ ಮಾಲೀಕನ ಮೇಜಿನ ಮುಂದೆ ನಿಂತಾಗ ಉತ್ತರ ಸಿಗುತ್ತದೆ. ಬೆಂಗಳೂರಿನಿಂದ ಪುಣೆ ಸುಮಾರು 840 ಕಿ.ಮೀ. ಲೀಟರಿಗೆ ನಾಲ್ಕು ಕಿ.ಮೀ. ಕೊಡಬೇಕು ಎಂದು ಮಾಲೀಕ ಗೆರೆ ಎಳೆದಿದ್ದರೆ 210 ಲೀಟರ್. 220 ಆಗಿದ್ದರೆ ಹತ್ತು ಲೀಟರಿನ ದುಡ್ಡು ಬಾಟಾದಲ್ಲಿ ಕಟ್. ಇನ್ನೂರೇ ಆಗಿದ್ದರೆ ಉಳಿದದ್ದು ಡ್ರೈವರನ ಜೇಬಿಗೆ. ಎಲ್ಲ ಮಾಲೀಕರೂ ಹೀಗೆ ಎಂದು ನಾನು ಹೇಳುವುದಿಲ್ಲ, ಆದರೆ ಈ ಲೆಕ್ಕದ ಪದ್ಧತಿ ಲಾರಿ ಲೈನಿನಲ್ಲಿ ಯಾರಿಗೂ ಹೊಸದಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತ್ತು. ಆ ಮಾತನ್ನು ಟ್ರಾನ್ಸ್‌ಪೋರ್ಟ್ ನಗರದಲ್ಲಿ ಹೇಳಿದರೆ ನಗುತ್ತಾರೆ. ನಿದ್ದೆಗೆಟ್ಟು, ಕ್ಲೀನರೂ ಇಲ್ಲದೆ ಒಬ್ಬನೇ ಓಡಿಸಿಕೊಂಡು ಬಂದವನಿಗೆ ಇಳಿಜಾರು ಎಂದರೆ ಪುಕ್ಕಟೆ ಕಿಲೋಮೀಟರ್.

ಅದು ಪುಕ್ಕಟೆಯೂ ಅಲ್ಲ ಎಂಬುದು ಈ ಕಥೆಯ ದೊಡ್ಡ ವ್ಯಂಗ್ಯ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈಗಿನ ಎಂಜಿನ್ ಡೀಸೆಲ್ಲನ್ನೇ ನಿಲ್ಲಿಸಿಬಿಡುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಐಡ್ಲಿಂಗಿಗಾಗಿ ಡೀಸೆಲ್ ಉರಿಯುತ್ತಲೇ ಇರುತ್ತದೆ. ಹೇಗಿದ್ದರೂ ವೇಗ ತಡೆಯಲೇಬೇಕಾದ ಇಳಿಜಾರಿನಲ್ಲಿ ನ್ಯೂಟ್ರಲ್ ಹೊಡೆದವನು ಡೀಸೆಲ್ಲನ್ನೂ ಸುಡುತ್ತಾನೆ, ಲೈನರನ್ನೂ ಸುಡುತ್ತಾನೆ. ಲಾರಿ ಮಾರುವ ಕಂಪನಿಗಳು ಮೈಲೇಜಿನ ಜಾಹೀರಾತಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇದನ್ನು ಕನ್ನಡ, ತಮಿಳು, ಹಿಂದಿಯಲ್ಲಿ ತಿಳಿಸಲು ಖರ್ಚು ಮಾಡಿದ್ದರೆ ಆಗುತ್ತಿತ್ತು.

ಅಪಘಾತವಾದ ಮೇಲೆ ಸರ್ಕಾರಗಳ ಕೈಗೆ ಸುಲಭವಾಗಿ ಸಿಗುವುದು ವೇಗಮಿತಿಯ ಬೋರ್ಡು. ನವಲೆಯ ಇಳಿಜಾರಿನಲ್ಲಿ ಮಿತಿಯನ್ನು 30 ಕಿ.ಮೀ.ಗೆ ಇಳಿಸಿದಾಗ ಕಾರಿನವರು, ಸ್ಕೂಟರಿನವರು ದಂಡದ ಮೆಸೇಜು ನೋಡಿ ಸಿಡಿಮಿಡಿಗೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಲಾರಿಗಾದರೆ ಆ ಅಂಕಿ ಸರಿಯೇ. ವೇಗ ಅರ್ಧವಾದರೆ ಬ್ರೇಕಿಗೆ ಪ್ರತಿ ನಿಮಿಷ ಬೀಳುವ ಶಾಖವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಆ 30 ನಿರ್ಧಾರವಾಗಬೇಕಾದದ್ದು ಇಳಿಜಾರಿನ ತಲೆಯಲ್ಲಿ, ಗೇರ್ ಕೂಡುವ ವೇಗವಿರುವಾಗ. ನಡುವೆ ಎಲ್ಲೋ ಕ್ಯಾಮೆರಾ ಕಂಡು ಬ್ರೇಕ್ ತುಳಿಯುವ ಲಾರಿ, ಕ್ಯಾಮೆರಾ ದಾಟಿದ ಮೇಲೆ ಬಿಸಿ ಡ್ರಮ್ಮಿನೊಂದಿಗೆ ಮುಂದೆ ಹೋಗುತ್ತದೆ. ಸುರಂಗಕ್ಕೆ ಮೊದಲು ಖೇಡ್ ಶಿವಾಪುರದಲ್ಲಿ ಟೋಲ್ ಇದೆ. ಅಲ್ಲಿ ಹಣಕ್ಕಾಗಿ ಪ್ರತಿ ಲಾರಿಯ ವೇಗ ಇಳಿಸಲು ಬರುತ್ತದೆ ಎಂದಾದರೆ, ಸುರಂಗದ ಬಾಯಲ್ಲಿ ಲಾರಿಗಳಿಗೆ ಕಡ್ಡಾಯ ನಿಲುಗಡೆ ಮಾಡಿ, ಬ್ರೇಕಿನ ಗಾಳಿ ನೋಡಿ, ಕೆಳಗಿನ ಗೇರ್ ಹಾಕಿಸಿ ಬಿಡಲು ಏನು ಅಡ್ಡಿ?

ಅಮೆರಿಕದ ಕೊಲೊರಾಡೊದಲ್ಲಿ ಬೆಟ್ಟಗಳಿಂದ ಡೆನ್ವರ್ ನಗರಕ್ಕೆ ಇಳಿಯುವ ಐ-70 ಹೆದ್ದಾರಿಯಲ್ಲಿ, ಇಳಿಜಾರು ಮುಗಿಯಿತೆಂದು ಮೋಸ ಹೋಗಬೇಡಿ, ಕಡಿದಾದ ರಸ್ತೆ ಇನ್ನೂ ನಾಲ್ಕು ಮೈಲಿ ಇದೆ ಎಂದು ಲಾರಿಯವರಿಗೇ ನೇರವಾಗಿ ಹೇಳುವ ಬೋರ್ಡುಗಳಿವೆ. ನಮ್ಮ ತ್ರಿಕೋನದೊಳಗಿನ ಇಳಿಜಾರಿನ ಚಿತ್ರ ಎಷ್ಟು ದೂರ ಎಂದೂ ಹೇಳುವುದಿಲ್ಲ, ಯಾವ ಗೇರ್ ಎಂದೂ ಹೇಳುವುದಿಲ್ಲ. ಅಷ್ಟೆಲ್ಲ ಬೋರ್ಡುಗಳಿದ್ದೂ ಕೊಲೊರಾಡೊದಲ್ಲಿ 2019ರ ಏಪ್ರಿಲ್‌ನಲ್ಲಿ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಟ್ರಕ್ಕಿನಿಂದ ನಾಲ್ವರು ಸತ್ತರು. ಬ್ರೇಕ್ ಹೋದ ಲಾರಿಗಳಿಗಾಗಿಯೇ ಪಕ್ಕದಲ್ಲಿ ಜಲ್ಲಿ ಸುರಿದ ಏರು ದಾರಿ ಇತ್ತು. ಡ್ರೈವರ್ ಅದನ್ನು ಬಿಟ್ಟು ಮುಂದೆ ಹೋದ. ತಪ್ಪು ಅವನದೇ. ಆದರೆ ಅವನಿಗೆ 110 ವರ್ಷ ಶಿಕ್ಷೆಯಾದಾಗ ಲಕ್ಷಗಟ್ಟಲೆ ಜನ ಪ್ರತಿಭಟಿಸಿದರು, 2021ರ ಕೊನೆಯಲ್ಲಿ ಗವರ್ನರ್ ಅದನ್ನು ಹತ್ತಕ್ಕೆ ಇಳಿಸಿದರು. ನಮ್ಮಲ್ಲೂ ಗುದ್ದಿ ಓಡಿಹೋಗುವವರಿಗೆ ಹತ್ತು ವರ್ಷ ಜೈಲು ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ಡ್ರೈವರುಗಳು ಲಾರಿ ನಿಲ್ಲಿಸಿ ಕೂತರು. ಆ ಕಲಮನ್ನು ಸರ್ಕಾರ ತಡೆಹಿಡಿಯಬೇಕಾಯಿತು. ಜೈಲಿನ ಹೆದರಿಕೆ ಕಾದ ಡ್ರಮ್ಮನ್ನು ತಣ್ಣಗೆ ಮಾಡುವುದಿಲ್ಲ.

ನಮ್ಮಲ್ಲಿ ಅಂಥ ಜಲ್ಲಿಯ ದಾರಿಗೆ ಜಾಗವೆಲ್ಲಿ, ಪುಣೆಯ ಆ ಬದಿಯಲ್ಲಿ ಕಟ್ಟಡಗಳು ಎದ್ದಿವೆಯಲ್ಲ ಎನ್ನುವವರಿದ್ದಾರೆ. ನಿಜ. ಇಳಿಜಾರಿನ ಬುಡದಲ್ಲೇ ಊರು ಬೆಳೆಯಲು ಬಿಟ್ಟವರ ಹೆಸರು ಮಾತ್ರ ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ. ತೊಪ್ಪೂರಿನಲ್ಲಿ ಆರು ಕಿ.ಮೀ.ಗೂ ಉದ್ದದ ಮೇಲ್ರಸ್ತೆಯ ಯೋಜನೆ ಬಂದಿದೆ, ಬರಲಿ. ಅಂಥದ್ದಕ್ಕೆ ವರ್ಷಗಳು ಬೇಕು. ಎಫ್‌ಐಆರ್‌ಗೆ ಒಂದು ಪುಟ ಸೇರಿಸಲು ವರ್ಷಗಳು ಬೇಕಿಲ್ಲ. ಮೊದಲ ಆರೋಪಿ ಡ್ರೈವರನೇ ಆಗಿರಲಿ. ಅವನ ಲೈಸೆನ್ಸಿನ ಜೊತೆಗೆ ಟ್ರಿಪ್ ಶೀಟು, ಡೀಸೆಲ್ ಪುಸ್ತಕ, ತೂಕದ ಚೀಟಿ, ಕೊನೆಯ ಸಲ ಲೈನರ್ ಬದಲಿಸಿದ ಬಿಲ್ಲು, ಈ ನಾಲ್ಕೂ ಅಂದೇ ಜಪ್ತಿ ಆಗಲಿ. ಅವು ಇರುವುದು ಮಾಲೀಕನ ಆಫೀಸಿನಲ್ಲಿ, ಅಲ್ಲಿಗೆ ಒಬ್ಬ ಎಸ್‌ಐ ಹೋದರೆ ಸಾಕು.