ಮಿಶ್ರವೋ, ಕಲಬೆರಕೆಯೋ?

ಹಿತ್ತಲಿನ ತಿಪ್ಪೆಯ ಮಗ್ಗುಲಲ್ಲಿ ಹಸಿಯಾದ ಕಲ್ಲೊಂದನ್ನು ಎತ್ತಿದರೆ ಬೂದುಬಣ್ಣದ ಕಿರಿಯ ಜೀವಿಗಳು ಕತ್ತಲೆಯನ್ನು ಅರಸಿ ಓಡುತ್ತವೆ. ಕೆಲವು ಜಾತಿಯವು ಮುಟ್ಟಿದೊಡನೆ ಮುದುಡಿ ಮಣಿಯಂತಾಗುತ್ತವೆ. ಹುಳುವೆಂದು ನಾವು ಕಡೆಗಣಿಸುವ ಇವು ವಾಸ್ತವವಾಗಿ ಸೀಗಡಿ ಏಡಿಗಳ ನೆಂಟರು. ಐಸೊಪಾಡ್ ಎಂಬ ಶಾಸ್ತ್ರನಾಮಕ್ಕೆ ಗ್ರೀಕಿನಲ್ಲಿ ‘ಸಮವಾದ ಕಾಲುಗಳುಳ್ಳದ್ದು’ ಎಂದರ್ಥವಾದ್ದರಿಂದ ಸಮಪಾದಿಯೆಂದು ಕರೆಯಲು ಅಡ್ಡಿಯಿಲ್ಲ. ಏಳು ಜೊತೆ ಕಾಲು. ತಾಯಿಯ ಹೊಟ್ಟೆಯಡಿಯ ಚೀಲದಲ್ಲಿ ಮರಿಗಳು. ಕೊಳೆತ ಎಲೆಯೇ ಅನ್ನ.

ಇವನ್ನು ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಬೇರೂರಿದೆ. ಕೇಸರಿ, ಬಿಳಿ, ಚುಕ್ಕಿಯ ಸಮಪಾದಿಗಳ ಚಿತ್ರಗಳು ಕೈಯ ಫೋನಿನೊಳಗಿಂದ ನಾಗಾವಿಯ ತರುಣರನ್ನೂ ಕರೆಯುವ ಕಾಲವಿದು. ಕೊಳ್ಳುವವನ ಮುಂದಿರುವ ಮೊದಲ ಪ್ರಶ್ನೆ: ಒಂದೇ ಬಣ್ಣದವು ಬೇಕೋ, ಬಣ್ಣ ಬೆರೆತವು ಬೇಕೋ? ನನ್ನ ಮತ ಬೆರೆತವುಗಳ ಕಡೆಗೆ. ಆದರೆ ಬೆರೆತದ್ದು ಏನೆಂಬುದು ತಿಳಿದಿರಬೇಕು.

ಮಿಶ್ರ, ಕಲಬೆರಕೆ ಎಂಬ ಎರಡು ಮಾತುಗಳ ಅಂತರವನ್ನು ಗದಗ-ಬೆಟಗೇರಿಯ ಹತ್ತಿಪೇಟೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಧಾರವಾಡ-ಅಮೆರಿಕನ್ ಎಂಬ ಹತ್ತಿಗೆ ಈ ನಾಡಿನ ಹತ್ತಿಯನ್ನು ಬೆರೆಸಿ ಮಾರುತ್ತಿದ್ದ ಕಾಲವೊಂದಿತ್ತು. ಹತ್ತಿಯ ವ್ಯಾಪಾರದಲ್ಲಿನ ಮೋಸವನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಬೆರಸಿದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚಿನ ಅಪರಾಧವೆಂದು ನನಗೆ ತೋರುತ್ತದೆ.

ಸಮಪಾದಿಗಳಲ್ಲಿಯೂ ಬೆರಕೆ ಎರಡು ಬಗೆ. ಬೇರೆ ಬೇರೆ ಜಾತಿಗಳನ್ನು ಒಟ್ಟಿಗೆ ಹಾಕಿದರೆ ಅವು ಕೂಡುವುದಿಲ್ಲ. ಬೇಗ ಬೆಳೆಯುವುದು ನಿಧಾನದ್ದನ್ನು ಹಿಂದೆ ಹಾಕಿ ಕಡೆಗೆ ತಾನೊಂದೇ ಉಳಿಯುವ ಸಂಭವ ಹೆಚ್ಚು. ಇದನ್ನು ನಾನು ಕಲಬೆರಕೆ ಎನ್ನುತ್ತೇನೆ. ಒಂದೇ ಜಾತಿಯ ಹಲವು ಬಣ್ಣಗಳ ಕೂಟವೇ ನಿಜವಾದ ಮಿಶ್ರ. ಅಲ್ಲಿ ಕೊಂಡವನಿಗೆ ಒಂದು ಸೋಜಿಗ ಕಾದಿರುತ್ತದೆ. ಕೇಸರಿಯೂ ಬಿಳಿಯೂ ಕೂಡಿದರೆ ತಿಳಿಗೇಸರಿ ಹುಟ್ಟೀತೆಂದು ನಿರೀಕ್ಷಿಸಿದವನ ಪೆಟ್ಟಿಗೆಯಲ್ಲಿ ಎಷ್ಟೋ ಸಲ ಅಪ್ಪಟ ಬೂದು ಮರಿಗಳು ಹರಿದಾಡುತ್ತವೆ! ಈ ಬಣ್ಣಗಳಲ್ಲಿ ಬಹಳಷ್ಟು ಅಡಗುವ ಸ್ವಭಾವದವು. ಕೇಸರಿಗೆ ಇಲ್ಲದ್ದನ್ನು ಬಿಳಿಯದೂ ಬಿಳಿಗೆ ಇಲ್ಲದ್ದನ್ನು ಕೇಸರಿಯೂ ತುಂಬಿಕೊಟ್ಟಾಗ ಕಾಡಿನ ಹಳೆಯ ಬೂದು ಮರಳುತ್ತದೆ. ಆ ಬೂದುಮರಿಗಳು ತಮ್ಮಲ್ಲೇ ಕೂಡಿದಾಗ ಅಡಗಿದ್ದ ಬಣ್ಣಗಳು ಮೊಮ್ಮಕ್ಕಳಲ್ಲಿ ಕೆಲವಕ್ಕೆ ಮತ್ತೆ ಮೂಡುತ್ತವೆ. ಮೆಂಡೆಲ್ ಬಟಾಣಿಯಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮವೇ ಇದು. ಗುಂಡಾಗುವ ಸಮಪಾದಿಗಳ ಆನುವಂಶಿಕತೆಯನ್ನು ಹೋವರ್ಡ್ ಎಂಬ ವಿದ್ವಾಂಸ 1940ರಲ್ಲಿಯೇ ಚರ್ಚಿಸಿದ್ದಾನೆ. ಬಣ್ಣ ಅಚ್ಚಳಿಯದೆ ಉಳಿಯಬೇಕೆನ್ನುವವನು ನಮ್ಮ ಕುರುಬರು ಬೀಜದ ಟಗರನ್ನು ಆರಿಸುವಂತೆ ಆರಿಸಿ, ಬೇರೆ ಪೆಟ್ಟಿಗೆ ಮಾಡಬೇಕು. ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಮಾತ್ರ ಬೆರೆತ ಪೆಟ್ಟಿಗೆಯಂಥ ಪಾಠಶಾಲೆ ಇನ್ನೊಂದಿಲ್ಲ.

ಆರಿಸುವಾಗ ಕಣ್ಣು ಮೋಸಹೋಗುವುದುಂಟು. ಸಮಪಾದಿ ತನ್ನ ಪೊರೆಯನ್ನು ಎರಡು ಕಂತಿನಲ್ಲಿ ಕಳಚುತ್ತದೆ, ಮೊದಲು ಹಿಂಭಾಗ, ಅನಂತರ ಮುಂಭಾಗ. ಈ ನಡುವಿನ ದಿನಗಳಲ್ಲಿ ಅರ್ಧ ಗಾಢ, ಅರ್ಧ ಮಾಸಲಾಗಿ ಕಾಣುವುದನ್ನು ಇಬ್ಬಣ್ಣದ ತಳಿಯೆಂದು ಕೊಂಡರೆ ವಾರ ಕಳೆಯುವುದರೊಳಗೆ ಅದು ಒಂದೇ ಬಣ್ಣಕ್ಕೆ ಬಂದಿರುತ್ತದೆ. ಇನ್ನೂ ಘೋರವಾದುದು ಹೊಳೆಯುವ ನೀಲಿ. ಹುಟ್ಟಿನಿಂದಲೇ ನೀಲಿಬೂದಾಗಿ, ಹಿಟ್ಟು ಸವರಿದಂತಿರುವ ಜಾತಿಯೊಂದಿದೆ. ಅದು ಆರೋಗ್ಯದ ಬಣ್ಣ. ಆದರೆ ಬೂದಾಗಿದ್ದುದು ನಡುವೆ ನೇರಳೆಯಾಗಿಯೋ ಮಿಂಚುವ ನೀಲಿಯಾಗಿಯೋ ತಿರುಗಿದರೆ ಅದು ವೈರಸ್ಸಿನ ಸೋಂಕು. ಆ ಚೆಲುವು ಕೆಲವೇ ದಿನಗಳದು. ಅದರೊಡನೆ ಇಟ್ಟ ಉಳಿದವುಗಳಿಗೂ ಅಪಾಯ.

ಹೆಸರುಗಳ ಬಗೆಗೆ ಒಂದು ಮಾತು, ಕನ್ನಡದ ಮೇಷ್ಟರಿಗೆ ಸಹಜವಾದುದು. ಕರಿಮಚ್ಚೆಯ ಬಿಳಿಯ ತಳಿಗೆ ಇಂಗ್ಲಿಷಿನವರು ಡಾಲ್ಮೇಶಿಯನ್ ನಾಯಿಯ ಹೆಸರಿಟ್ಟಿದ್ದಾರೆ. ದನಕುರಿಗಳ ಮೈಬಣ್ಣಕ್ಕೆ ಕೆಂದ, ಕರಿಯ, ಹಂಡ ಎಂಬ ಮಾತುಗಳುಳ್ಳ ನಾವು ಆ ನಾಯಿಯನ್ನು ಎರವಲು ತರುವುದೇಕೆ? ಹಂಡ ಸಮಪಾದಿ ಎಂದರೆ ನಾಗಾವಿಯ ಒಕ್ಕಲಿಗನಿಗೂ ತಿಳಿಯುತ್ತದೆ.

ಸಾಕಿ ಬೇಸರವಾದಾಗ ಹೊಲಕ್ಕೆ ಬಿಡುವ ಉದಾರತೆ ಮಾತ್ರ ಬೇಡ. ಹೊರದೇಶದ ಜಾತಿಗಳು ನಮ್ಮ ಮಣ್ಣಿನಲ್ಲಿ ಏನು ಮಾಡಬಹುದೆಂಬುದನ್ನು ಬಿಟ್ಟು ನೋಡಿ ಕಲಿಯುವಂತಿಲ್ಲ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡ ನಮಗೆ ದೂರವೂ ಅಲ್ಲ. ಅಲ್ಲಿಂದ ಹಿಡಿದು ತರುವುದಕ್ಕೂ ಅಪ್ಪಣೆ ಬೇಕು. ಪೆಟ್ಟಿಗೆಯ ಹಳೆಯ ಮಣ್ಣನ್ನು ಚೆಲ್ಲುವ ಮೊದಲು ತೆಳ್ಳಗೆ ಹರಡಿ ನಾಲ್ಕು ದಿನ ಗದಗಿನ ಬಿಸಿಲಿಗಿಟ್ಟರೆ, ತೇವವಿಲ್ಲದೆ ಉಸಿರಾಡಲಾರದ ಮರಿಯೊಂದೂ ಅದರಲ್ಲಿ ಉಳಿಯಲಾರದು.