ಬಾಲಮಂದಿರಕ್ಕೊಂದು ಮೇಳ

ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಿಂಟಿಗೆಯವರು ಹಚ್ಚಿದ ದೀಪವನ್ನು ಹಾಡುತ್ತ ಮನೆಯಿಂದ ಮನೆಗೆ ಒಯ್ಯುವುದನ್ನು ಮಲೆನಾಡಿನ ನಮ್ಮ ವಾಚಕರು ಬಲ್ಲರು. ದೀಪ ನಂದದಂತೆ ಕಾಯುವವನೊಬ್ಬ, ಪದ ಎತ್ತಿಕೊಡುವವರು ಕೆಲವರು, ಹಿಂದಿನಿಂದ ಹಿಡಿದು ಹಾಡುವವರು ಕೆಲವರು. ಮನೆಯವರು ಎಣ್ಣೆಯೆರೆದು ಬೀಳ್ಕೊಡುತ್ತಾರೆ. ಒಬ್ಬನಿಂದಾಗದುದು ಮೇಳದಿಂದಾಗುತ್ತದೆ. ಇದನ್ನು ನಾವು ಇಂದು ನೆನೆಯುವುದು ಬಾಲಮಂದಿರಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಸಲುವಾಗಿ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಕೂಲಿಗಾಗಿ ದೂರದಿಂದ ಬಂದು ಲೈನುಮನೆಗಳಲ್ಲಿ ನೆಲೆಸಿದ ಸಂಸಾರಗಳು ಬಹಳ. ಅಂತಹ ಸಂಸಾರವೊಂದು ಮುರಿದರೆ ಕೂಸನ್ನೆತ್ತಿಕೊಳ್ಳಲು ಅಜ್ಜಿಯಾಗಲಿ ಸೋದರಮಾವನಾಗಲಿ ಹತ್ತಿರವಿರುವುದಿಲ್ಲ. ತಲೆತಲಾಂತರದ ಮನೆಗಳೂ ಒಂದೇ ದಿನದಲ್ಲಿ ಮಣ್ಣುಪಾಲಾಗಬಹುದೆಂಬುದನ್ನು 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆಯ ಗುಡ್ಡಗಳು ಕುಸಿದಾಗ ಕಂಡೆವು. ದಿಕ್ಕಿಲ್ಲದ ಮಗುವಿಗೆ ಸರಕಾರವು ಅನ್ನ, ಬಟ್ಟೆ, ಶಾಲೆಗಳನ್ನು ಕೊಡುತ್ತದೆ. ಅದು ಸ್ತುತ್ಯವೇ ಸರಿ. ಆದರೆ ತಾನು ಯಾರಿಗೂ ಬೇಡವೆಂಬ ಕೊರಗು ಅನ್ನದಿಂದ ನೀಗುವಂತಹುದಲ್ಲ. ಕೋಲಾಟದಲ್ಲಿ ಒಂದು ಮಗು ತಪ್ಪಿದರೆ ಎದುರಿನ ಕೋಲಿಗೆ ಜೊತೆಯಿಲ್ಲ. ನಾಟಕದಲ್ಲಿ ಒಬ್ಬನ ಮಾತಿಗೆ ಇನ್ನೊಬ್ಬನು ಕಾದಿರುತ್ತಾನೆ. ತಾನು ಬೇಕಾದವನೆಂದು ಮಗು ಅಲ್ಲಿ ಕಂಡುಕೊಳ್ಳುತ್ತದೆ. ತಪ್ಪಿದ ತಾಳವನ್ನು ಮರಳಿ ಹಿಡಿಯಲು ಕಲಿಯುತ್ತದೆ. ಮನಃಸ್ಥೈರ್ಯದ ಮೊದಲ ಪಾಠ ಇದೇ.

ಬಾಲ್ಯದಲ್ಲಿಯೇ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಮುಂದೆ ಕಾಶಿಗೆ ಕಳುಹಿಸಿ ಓದಿಸಿದರು. ಅವರೇ 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಮಕ್ಕಳೆಲ್ಲರೂ ಕಾರಂತರಾಗಬೇಕಿಲ್ಲ, ಮೇಳವೊಂದು ಮನೆಯಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

2015ರ ಬಾಲನ್ಯಾಯ ಕಾಯಿದೆಯ 53ನೆಯ ಪ್ರಕರಣವು ಇಂತಹ ಸಂಸ್ಥೆಗಳ ಮಕ್ಕಳಿಗೆ ಆಪ್ತಸಲಹೆಯೊಡನೆ ಆಟವನ್ನೂ ಸಾಂಸ್ಕೃತಿಕ ಚಟುವಟಿಕೆಗಳನ್ನೂ ವಿಧಿಸಿರುತ್ತದೆ. ಆದರೆ ಅತಿಥಿಗಳು ಬರುವರೆಂದು ಎರಡು ವಾರ ಕುಣಿಸಿ, ಹಾರ ಬಾಡುವ ಮೊದಲೇ ಮರೆತುಬಿಟ್ಟರೆ ಅದು ದೊಡ್ಡವರ ವಿನೋದವೇ ಹೊರತು ಮಕ್ಕಳ ಹಿತವಲ್ಲ. ವಾರಕ್ಕೆ ಎರಡು ಗೊತ್ತಾದ ಸಂಜೆಗಳು, ವರುಷವಿಡೀ ಬದಲಾಗದ ಒಬ್ಬ ಗುರು, ಇಷ್ಟಾದರೂ ಬೇಕು. ಒಮ್ಮೆ ತನ್ನವರನ್ನು ಕಳೆದುಕೊಂಡ ಮಗುವನ್ನು ಗುರುವೂ ನಡುವೆ ಬಿಟ್ಟುಹೋಗಬಾರದು. ಮಳೆಗಾಲದಲ್ಲಿ ತಿರುಗಾಟ ನಿಂತ ಯಕ್ಷಗಾನ ಕಲಾವಿದರು ಆತನಿಗೆ ನೆರವಾಗಲಿ. ಸರಕಾರವು ಅವರಿಗೆ ಗೌರವಧನವನ್ನು ಕೊಡಲಿ. ತೋಟದ ಸಾಹುಕಾರರು ಚಂಡೆ ಮದ್ದಳೆಗಳನ್ನು ಕೊಡಿಸಲಿ.

ಎರಡು ಎಚ್ಚರಿಕೆಗಳು ಅವಶ್ಯ. ತನ್ನ ದುಃಖವನ್ನೇ ಅಭಿನಯಿಸೆಂದು ಯಾವ ಮಗುವನ್ನೂ ಬಲವಂತಪಡಿಸಕೂಡದು. ಆಳವಾದ ಗಾಯಕ್ಕೆ ಮನೋವೈದ್ಯರೇ ಬೇಕು, ಮದ್ದಳೆ ಸಾಲದು. ಮಕ್ಕಳ ಗುರುತನ್ನು ಪ್ರಕಟಿಸುವುದನ್ನು ಅದೇ ಕಾಯಿದೆಯ 74ನೆಯ ಪ್ರಕರಣವು ನಿಷೇಧಿಸಿದೆ. ಆದುದರಿಂದ ಅವರ ಭಾವಚಿತ್ರಗಳನ್ನು ಅಚ್ಚುಹಾಕಿ ಕರುಣೆ ಬೇಡುವ ಕೆಲಸ ಪತ್ರಿಕೆಯವರಾದ ನಮಗೂ ಸಲ್ಲದು.

ಹದಿನೆಂಟು ತುಂಬಿದ ಮೇಲೆ ಈ ಮಕ್ಕಳು ಬಾಲಮಂದಿರದ ಬಾಗಿಲನ್ನು ದಾಟಿ ಹೊರಡತಕ್ಕವರು. ಅಂದು ಅವರ ಕೈಯಲ್ಲಿ ಪೆಟ್ಟಿಗೆಯೊಂದೇ ಇರದೆ, ಕರೆದರೆ ಓಗೊಡುವ ಜೊತೆಗಾರರೂ ಇರಬೇಕು. ಸ್ವತಂತ್ರ ದೇಶವು ತನ್ನ ಮಕ್ಕಳಿಗೆ ಸಲ್ಲಿಸಬೇಕಾದ ಋಣವಿದು. ದೀಪವನ್ನು ಅವರೇ ಒಯ್ಯುವರು. ಎಣ್ಣೆಯೆರೆಯುವುದು ಜಿಲ್ಲೆಯ ಮಹಾಜನರ ಕೆಲಸ.