ಕುದುರೆ ಕಂಡ್ರೆ ನಮಗೂ ಕಾಲು ನೋಯುತ್ತೆ



ಹೋದ ವಾರ ಮೀಟಿಂಗ್ ಮುಗಿಸಿ ಟೀ ಕುಡೀತಾ ನಿಂತಿದ್ವಿ. ನಮ್ಮ ಜೊತೆಗಿದ್ದ ಹುಡುಗನೊಬ್ಬ, "ಅಣ್ಣಾ, ಹೋರಾಟ ಎಲ್ಲಾ ಬಿಟ್ಟು, ನಿಮಗೇ ಅಂತ ಒಂದು ಆಸೆ ಹೇಳಿ" ಅಂದ. ಸುಳ್ಳು ಹೇಳೋ ಮನಸ್ಸಾಗ್ಲಿಲ್ಲ. "ಒಂದು ಕುದುರೆ ಸಾಕ್ಬೇಕು, ಎಂಡ್ಯೂರೆನ್ಸ್ ರೈಡಿಂಗ್ ಕಲೀಬೇಕು" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಬ್ಬ ಸಂಗಾತಿ ಮಾತ್ರ ನಗಲಿಲ್ಲ. "ಅದು ಪಾಳೇಗಾರರ ಶೋಕಿ, ನಿಮಗ್ಯಾಕೆ?" ಅಂದ್ರು. ಆ ಮಾತು ಮನೆವರೆಗೂ ಜೊತೇಲೇ ಬಂತು. ಅದಕ್ಕೇ ಈ ಉದ್ದದ ಪೋಸ್ಟು.

ನಾನು ಕುಣಿಗಲ್ ಕಡೆಯವನು. ಟಿಪ್ಪುವಿನ ಕಾಲದಿಂದ ಅಲ್ಲಿ ಕುದುರೆ ಫಾರಂ ಇದೆ ಅನ್ನೋದು ನಿಮಗೆ ಗೊತ್ತಿರುತ್ತೆ. ಆವತ್ತು ದಂಡಿಗೆ ಕುದುರೆ ಸಾಕಿದ ಜಾಗದಲ್ಲಿ ಆಮೇಲೆ ರೇಸಿನ ಕುದುರೆ ಸಾಕಿದ್ರು. ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಕಂಬಿ ಮೇಲೆ ಕೂತು ಬೇಲಿಯಾಚೆ ಮರಿಗಳು ಓಡೋದನ್ನ ನೋಡ್ತಿದ್ದೆ. ಅಪ್ಪ ಒಂದು ಕಾಲು ನೆಲಕ್ಕೆ ಊರಿ ಸೈಕಲ್ ನಿಲ್ಲಿಸೋರು. ಎರಡು ನಿಮಿಷ. ಆಮೇಲೆ "ಸಾಕು ನಡಿ" ಅನ್ನೋರು. ನಮ್ಮ ಕೇರಿಯವರು ಏರಿದ್ದ ಒಂದೇ ಕುದುರೆ ಅಂದ್ರೆ ಕೀಲುಕುದುರೆ. ನಮ್ಮ ಚಿಕ್ಕಪ್ಪ ಹಬ್ಬದಲ್ಲಿ ಅದನ್ನ ಸೊಂಟಕ್ಕೆ ಕಟ್ಟಿಕೊಂಡು ಕುಣಿಯೋರು. ಮೇಲೆ ರಾಜನ ರುಮಾಲು, ಕೆಳಗೆ ಬಟ್ಟೆ ಮರೆಯಲ್ಲಿ ಅವರದ್ದೇ ಒಡೆದ ಹಿಮ್ಮಡಿಯ ಬರಿಗಾಲು. ಊರಿನ ದೊಡ್ಡವರು ಆ ಕುದುರೆಗೆ ಕೈ ಮುಗಿದು ಕಾಸು ಹಾಕೋರು. ಮರದ ಕುದುರೆ ಮೇಲೆ ನಾವು ಕೂತ್ರೆ ಯಾರಿಗೂ ತಕರಾರಿರಲಿಲ್ಲ.

ಜೀವಂತ ಕುದುರೆ ಆದ್ರೆ ಕಥೆ ಬೇರೆ. 2018ರ ಮಾರ್ಚ್ ಕೊನೆಯಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಅನ್ನೋ ಹಳ್ಳಿಯಲ್ಲಿ 21 ವರ್ಷದ ದಲಿತ ಹುಡುಗನನ್ನ ಕೊಂದರು. ಅವನಿಗೆ ಕುದುರೆ ಹುಚ್ಚು. ಅಪ್ಪ ಆಸೆಪಟ್ಟು ಮಗನಿಗೆ ಒಂದು ಕೊಡಿಸಿದ್ದರು. ಕುದುರೆ ಹತ್ತಬೇಡ ಅಂತ ಮೇಲ್ಜಾತಿಯವರು ಬೆದರಿಸಿದ್ದರು ಅಂತ ಆ ಅಪ್ಪ ಹೇಳಿದರು. ಅದೇ ವರ್ಷ ಉತ್ತರ ಪ್ರದೇಶದ ಕಾಸಗಂಜ್ ಜಿಲ್ಲೆಯ ನಿಜಾಮ್‌ಪುರದಲ್ಲಿ ಒಬ್ಬ ದಲಿತ ವರ, ಠಾಕೂರರ ಬೀದಿಯಲ್ಲಿ ಮೆರವಣಿಗೆ ಹೋಗ್ತೀನಿ ಅಂತ ತಿಂಗಳುಗಟ್ಟಲೆ ಕಚೇರಿ, ಕೋರ್ಟು ಅಲೆದ. ಕೊನೆಗೆ ಜುಲೈಯಲ್ಲಿ ಪೊಲೀಸ್ ಕಾವಲಲ್ಲಿ ಮದುವೆ ಆಯ್ತು.

ಎರಡನೇ ಸುದ್ದಿ ನಮ್ಮಲ್ಲಿ ಎಲ್ಲರಿಗೂ ನೆನಪಿದೆ, ಶೇರ್ ಮಾಡಿದ್ವಿ, ಭಾಷಣ ಮಾಡಿದ್ವಿ. ಮೊದಲನೆಯದ್ದನ್ನೂ ಮಾಡಿದ್ವಿ, ಆದ್ರೆ ಬೇಗ ಮರೆತ್ವಿ. ನನಗೆ ಮಾತ್ರ ಆ ಟಿಂಬಿಯ ಹುಡುಗನೇ ಕಾಡ್ತಾನೆ. ಯಾಕಂದ್ರೆ ಅವನು ಮದುವೆ ಗಂಡಲ್ಲ, ಮೆರವಣಿಗೆ ಹೊರಟಿರಲಿಲ್ಲ, ಯಾರಿಗೂ ಏನನ್ನೂ ತೋರಿಸೋಕೆ ಹೊರಟಿರಲಿಲ್ಲ. ಅವನಿಗೆ ಕುದುರೆ ಇಷ್ಟ. ಅಷ್ಟೇ.

ಕಾನೂನನ್ನೇ ನೋಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ಕ್ಕೆ ಜಾರಿಗೆ ಬಂತು. ಸೆಕ್ಷನ್ 3ರಲ್ಲಿ ಹೊಸದಾಗಿ ಸೇರಿದ ಸಾಲುಗಳನ್ನ ಒಮ್ಮೆ ಓದಿ. ಸಾರ್ವಜನಿಕ ಜಾಗದಲ್ಲಿ ಸೈಕಲ್, ಮೋಟಾರ್ ಸೈಕಲ್ ಓಡಿಸೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಹಾಕೋದನ್ನ ತಡೆದರೆ ಅಪರಾಧ. ಸರಿ. ಕುದುರೆಯೂ ಇದೆ. ಆದ್ರೆ "ಮದುವೆ ಮೆರವಣಿಗೆಯ ಸಮಯದಲ್ಲಿ" ಅಂತ ಇದೆ! ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಲುಂಗಿ ಬದಲು ಹಳೇ ಪ್ಯಾಂಟು ಹಾಕ್ಕೊಂಡು, ಸುಮ್ಮನೆ ಕುದುರೆ ಹತ್ತಿ ಕೆರೆ ಏರಿ ಮೇಲೆ ಹೋಗೋ ದಲಿತನನ್ನ ಆ ಸಾಲು ಬರೆದವರು ಕಲ್ಪಿಸಿಕೊಂಡಿಲ್ಲ. ಬೇರೆ ಕಲಂಗಳಲ್ಲಿ ಕೇಸು ಹಾಕಬಹುದು ಅನ್ನೋದು ನನಗೂ ಗೊತ್ತು, ವಕೀಲ ಮಿತ್ರರು ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ನಾನು ಹೇಳ್ತಿರೋದು ಕಲ್ಪನೆ ಬಗ್ಗೆ. ನಮ್ಮ ಪರವಾಗಿ ಬರೆದ ಕಾನೂನಿಗೂ ನಮ್ಮ ಕುದುರೆ ಒಂದು ಸಂಜೆಗೆ ಬಾಡಿಗೆಗೆ ತಂದದ್ದೇ.

ಇನ್ನು ಈ ಎಂಡ್ಯೂರೆನ್ಸ್ ಅಂದ್ರೆ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ರೇಸ್ ಅಲ್ಲ. ರೇಸ್‌ಕೋರ್ಸಿನ ಕುದುರೆ ಒಂದೋ ಎರಡೋ, ಹೆಚ್ಚಂದ್ರೆ ಮೂರು ನಿಮಿಷ ಓಡುತ್ತೆ, ಜನ ದುಡ್ಡು ಕಟ್ತಾರೆ, ಮುಗೀತು. ಇದು 40, 80, 120, ಕೊನೆಗೆ 160 ಕಿಲೋಮೀಟರ್ ದಾರಿ. ಅಷ್ಟೂ ಒಂದೇ ದಿನದಲ್ಲಿ. ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ 1955ರಿಂದ ನಡೀತಿರೋ ಟೆವಿಸ್ ಕಪ್‌ನಲ್ಲಿ 100 ಮೈಲಿಯನ್ನ 24 ಗಂಟೆಯೊಳಗೆ ಮುಗಿಸಬೇಕು. ದಾರಿಯನ್ನ ಸುತ್ತುಗಳಾಗಿ ಒಡೆದಿರ್ತಾರೆ. ಪ್ರತಿ ಸುತ್ತು ಮುಗಿದಾಗ ಪಶುವೈದ್ಯರು ಕಾಯ್ತಿರ್ತಾರೆ. ಕುದುರೆಯ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳೀಬೇಕು, ಅದೂ ನಿಗದಿ ಮಾಡಿದ ಸಮಯದಲ್ಲಿ. ವಸಡು ಒತ್ತಿ ನೋಡ್ತಾರೆ, ಹೊಟ್ಟೆಗೆ ಕಿವಿ ಕೊಟ್ಟು ಕರುಳಿನ ಸದ್ದು ಕೇಳ್ತಾರೆ, ಓಡಿಸಿ ಕುಂಟುತ್ತಾ ನೋಡ್ತಾರೆ. ಪಾಸಾಗದಿದ್ರೆ ನೀನು ಮೊದಲು ಬಂದಿದ್ರೂ ಮನೆಗೆ. ಕುದುರೆ ದಣಿದಾಗ ಸವಾರ ಕೆಳಗಿಳಿದು ಲಗಾಮು ಹಿಡಿದು ಅದರ ಪಕ್ಕ ಓಡ್ತಾನೆ. ವಿಡಿಯೋದಲ್ಲಿ ಇದನ್ನ ಮೊದಲ ಸಲ ನೋಡಿದಾಗ ಚಿಕ್ಕಪ್ಪನ ಕೀಲುಕುದುರೆ ನೆನಪಾಗಿ ಗಂಟಲು ಕಟ್ಟಿತು. ಸುಳ್ಳಲ್ಲ.

ಇದೂ ಹಾಲಿನಷ್ಟು ಬೆಳ್ಳಗಿಲ್ಲ. ದುಡ್ಡು, ವೇಗ ಬಂದ ಕಡೆ ಕುದುರೆಗಳು ಸತ್ತಿವೆ, ಕಾಲು ಮುರಿದುಕೊಂಡಿವೆ. ಇದೇ ಕಾರಣಕ್ಕೆ 2015ರಲ್ಲಿ ಯುಎಇ ದೇಶದ ಒಕ್ಕೂಟವನ್ನೇ ಅಂತಾರಾಷ್ಟ್ರೀಯ ಸಂಸ್ಥೆ ಅಮಾನತು ಮಾಡಿತ್ತು.

ಎರಡು ವರ್ಷದ ಹಿಂದೆ ಬೆಂಗಳೂರಿನ ಹೊರಗೆ ಒಂದು ರೈಡಿಂಗ್ ಸ್ಕೂಲಿಗೆ ಹೋಗಿದ್ದೆ. ಹೆಸರು ಬೇಡ. ರಿಸೆಪ್ಶನ್ನಿನಲ್ಲಿ "ಕುದುರೆ ನೋಡ್ಕೊಳ್ಳೋ ಕೆಲಸಕ್ಕಾ? ಹಿಂದಿನ ಗೇಟಿಂದ ಬನ್ನಿ" ಅಂದ್ರು. ಕಲಿಯೋಕೆ ಬಂದಿದೀನಿ ಅಂದಾಗ ಪಾಪ ಆ ಹುಡುಗಿಗೇ ನಾಚಿಕೆ ಆಯ್ತು. ಫೀಸು ಕೇಳಿದೆ, ನನಗೂ ನಾಚಿಕೆ ಆಯ್ತು. ಹಿಂದಿನ ಗೇಟಿಗೂ ಹೋಗಿ ನೋಡಿದೆ. ಅಲ್ಲಿ ಲದ್ದಿ ಬಾಚ್ತಿದ್ದವರ ಜೊತೆ ಬೀಡಿ ಹಚ್ಚಿ ಅರ್ಧ ಗಂಟೆ ಮಾತಾಡಿದೆ. ಯಾವ ಕುದುರೆಗೆ ಯಾವ ಕಿವಿ ಹಿಂದೆ ಕೆರೆದರೆ ಇಷ್ಟ ಅಂತ ಗೊತ್ತಿರೋದು ಅವರಿಗೆ. ಜೀನು, ಲಗಾಮು, ಪಟ್ಟಿ ಎಲ್ಲಾ ತೊಗಲು. ತೊಗಲು ಹದ ಮಾಡಿದ ಕೈ ಯಾವ ಕೇರಿಯದ್ದು ಅಂತ ನಿಮಗೆ ಹೇಳಬೇಕಾ? ಕಾನ್ಪುರದ ಜೀನು ದೇಶ ದಾಟಿ ಹೋಗುತ್ತೆ. ಹೊಲಿದವನು ಹತ್ತೋ ಹಾಗಿಲ್ಲ.

ಈಗ ಆ ಸಂಗಾತಿಯ ಮಾತಿಗೆ ಬರ್ತೀನಿ. ಪಾಳೇಗಾರರ ಶೋಕಿ. ಇರಬಹುದು. ಹಾಗಂತ ವಯಲಿನ್ ಯಾರ ಶೋಕಿ? ಬಾಬಾಸಾಹೇಬರು ಅಷ್ಟೆಲ್ಲಾ ಕೆಲಸದ ನಡುವೆ ವಯಲಿನ್ ಕಲಿಯೋಕೆ ಕೂತರು. ಅದರಿಂದ ಯಾವ ಸೆಕ್ಷನ್ನೂ ಬದಲಾಗಲಿಲ್ಲ. ನಮ್ಮ ಪ್ರತಿ ಆಸೆಯೂ ಸಮುದಾಯಕ್ಕೆ ಉಪಯೋಗ ಆಗ್ಲೇಬೇಕು ಅಂತ ಹೇಳಿದ್ದು ಯಾರು? ಮೇಲಿನವರ ಮಕ್ಕಳಿಗೆ ಹಾಬಿ ಇರುತ್ತೆ, ನಮ್ಮ ಮಕ್ಕಳಿಗೆ ಬರೀ ಗುರಿ ಇರುತ್ತೆ. ಇದನ್ನ ನಾವೇ ಹೇರಿಕೊಂಡಿದೀವಿ ಅಂತ ನನಗೆ ಅನ್ಸುತ್ತೆ.

ಆದ್ರೆ ಆ ಸಂಗಾತಿಯ ಮಾತಲ್ಲಿ ಒಂದು ನಿಜ ಇದೆ, ಒಪ್ಕೋತೀನಿ. ಕುದುರೆಗೆ ಹುಲ್ಲು ಬೇಕು, ಹುಲ್ಲಿಗೆ ನೆಲ ಬೇಕು. ನಮ್ಮ ತಾತನಿಗೆ ಸರ್ಕಾರ ಕೊಟ್ಟ ಎರಡು ಎಕರೆ ಯಾರದ್ದೋ ಸಾಲದ ಪುಸ್ತಕದಲ್ಲಿ ಕರಗಿಹೋಯ್ತು. 1978ರ ಪಿಟಿಸಿಎಲ್ ಕಾಯ್ದೆ ಇತ್ತು. ಆದ್ರೆ ಅರ್ಜಿ ಹಾಕೋಕೆ ತಡ ಆಯ್ತು ಅಂತ ಎಷ್ಟೋ ಜನರ ಕೇಸು ಬಿದ್ದುಹೋದ್ವು. ಧರಣಿ ಕೂತು ಕೂತು 2023ರಲ್ಲಿ ತಿದ್ದುಪಡಿ ತಂದ ಮೇಲೆ ನಾನೂ ಅಪ್ಪನ ಹೆಸರಲ್ಲಿ ಅರ್ಜಿ ಹಾಕಿದೀನಿ. ಎಸಿ ಆಫೀಸಲ್ಲಿ ಫೈಲು ಮಲಗಿದೆ. ಅಂದ್ರೆ ಕುದುರೆ ಕನಸು ಅಂತ ನಾನು ಹೇಳಿದಾಗ ಅದರೊಳಗೆ ಈ ಫೈಲೂ ಇದೆ ಅಂತ ಲೆಕ್ಕ ಹಾಕಿ. ಮೀಟಿಂಗಲ್ಲಿ ಇದನ್ನ ಬಿಡಿಸಿ ಹೇಳೋಕೆ ಆಗ್ಲಿಲ್ಲ.

ಬಿಸಿಲ್ಗುದುರೆ ಅಂತೀರಾ? ಅನ್ನಿ. ನನಗೆ 46, ಮಂಡಿ ನೋವಿದೆ, ಬ್ಯಾಂಕಿನಲ್ಲಿ ಏನೂ ಇಲ್ಲ. ಆದ್ರೂ ಹಿಂದಿನ ಗೇಟಿನ ಗೆಳೆಯ ಒಬ್ಬ ಮೊನ್ನೆ ಫೋನ್ ಮಾಡಿದ್ದ. ಮುದಿ ಹೆಣ್ಣು ಕುದುರೆ ಒಂದಿದೆಯಂತೆ, ಸವಾರಿ ಕ್ಲಾಸಿನಿಂದ ತೆಗೆದಿದ್ದಾರಂತೆ. ಭಾನುವಾರ ಮಾಲೀಕರು ಇರಲ್ಲ, ಬೆಳಿಗ್ಗೆ ಬಂದ್ರೆ ನಡೆಸಿಕೊಂಡು ಹೋಗಬಹುದು ಅಂದ. ಹತ್ತೋದಲ್ಲ, ಬರೀ ಪಕ್ಕದಲ್ಲಿ ನಡೆಯೋದು. ಅದಕ್ಕೆ ಎಡಗಣ್ಣು ಕಾಣಲ್ಲವಂತೆ, ಬಲಕ್ಕೆ ನಿಂತು ಮಾತಾಡಿಸಬೇಕಂತೆ.

ಈ ಭಾನುವಾರ ಹನ್ನೊಂದಕ್ಕೆ ಇರೋ ತಾಲ್ಲೂಕು ಸಭೆಗೆ ಸ್ವಲ್ಪ ಲೇಟಾಗಿ ಬರ್ತೀನಿ.